ಜೌಗಿನಲ್ಲಿ ಕಾಡು ಜಾಯಿಕಾಯಿ ಎಬ್ಬಿಸಿದ್ದು: ನನ್ನ ಅನುಭವ

ತೋಟದ ಕೆಳಗಿನ ಹಳ್ಳದ ಜಾಗವನ್ನು ಮತ್ತೆ ಜೌಗು ಮಾಡಿ, ಸಿದ್ದಾಪುರದ ಕತ್ತಲೆಕಾನು ಎಂಬ ಜೌಗು ಕಾಡಿನಲ್ಲಿ ಇರುವಂಥ ಮರ ಬೆಳೆಸುತ್ತೇನೆ ಎಂದಾಗ ಊರಲ್ಲಿ ಯಾರೂ ಒಪ್ಪಲಿಲ್ಲ. ‘ಎಲ್ಲರೂ ಜೌಗು ಬಸಿದು ಅಡಿಕೆ ಹಾಕ್ತಾರೆ, ನೀನು ಬಸಿಗಾಲುವೆ ಮುಚ್ಚೋಕೆ ಹೊರಟಿದೀಯಲ್ಲ ಮಾರಾಯಾ’ ಎಂದರು. ಎಂಟೊಂಬತ್ತು ವರ್ಷ ಆಯ್ತು. ಈಗ ಮುನ್ನೂರರ ಆಸುಪಾಸು ಗಿಡ ನಿಂತಿವೆ, ದೊಡ್ಡವು ಎರಡಾಳೆತ್ತರ. ಸಿದ್ದಾಪುರ, ಹೊನ್ನಾವರದ ಕಡೆ ಖಾಸಗಿ ಜಾಗದಲ್ಲಿ ಇಷ್ಟು ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ.

ಹಾಕಿದ್ದು ಮುಖ್ಯವಾಗಿ ಕಾಡು ಜಾಯಿಕಾಯಿಯ ಎರಡು ಜಾತಿ. ಊರುಗೋಲಿನ ಹಾಗೆ ಸುತ್ತ ಬೇರು ಇಳಿಬಿಡುವ ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಕೆಸರಿನಿಂದ ಮಂಡಿ ಬೇರು (ಮಡಚಿದ ಮಂಡಿಯ ಹಾಗೆ ಮೇಲೆದ್ದ ಬೇರು) ಎತ್ತುವ ಜಿಮ್ನಕ್ರಾಂಥೆರಾ. ತಾಯಿಮರ ನಮ್ಮ ಬೆಟ್ಟದ ಅಂಚಿನಲ್ಲೇ ಇದ್ದವು. 2000ದಲ್ಲಿ ಹೊಸ ಜಾತಿ ಎಂದು ಹೆಸರು ಪಡೆದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಜೌಗಿನ ಮರ ಕೂಡ ಬೇಕು ಎಂಬ ಆಸೆ ಇತ್ತು. ಅದರಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ, ಇರುವುದೇ ಬೆರಳೆಣಿಕೆಯ ಕಡೆ. ಅದನ್ನು ಕಾಡಿಗೇ ಬಿಟ್ಟೆ.

ಮೊದಲ ವರ್ಷದ ಹಣ ಪೂರ್ತಿ ನೀರಿಗೆ ಹೋಯ್ತು. ಬೀಜವನ್ನು ನೇರ ಕೆಸರಿಗೆ ಊರಿದ್ದೆವು. ಒಂದಷ್ಟು ಕೊಳೆತವು, ಉಳಿದದ್ದನ್ನು ಏಡಿಗಳು ಬಿಲಕ್ಕೆ ಎಳೆದವು. ಸಂಜೆ ಊರಿದ ಬೀಜ ಬೆಳಿಗ್ಗೆ ಇಲ್ಲ, ಪಕ್ಕದ ಬಿಲದ ಬಾಯಲ್ಲಿ ಕೆಂಪು ಪತ್ರೆಯ (ಬೀಜ ಸುತ್ತಿದ ಹೊದಿಕೆಯ) ಚೂರು ಮಾತ್ರ. ಎರಡನೇ ಸಲ ಒಂದು ನರ್ಸರಿಯಿಂದ ಗಿಡ ತಂದೆ. ಬೆಳೆದಾಗ ಗೊತ್ತಾಯ್ತು, ಅರ್ಧಕ್ಕರ್ಧ ರಾಮಪತ್ರೆ, ಕಾಡು ಜಾಯಿಕಾಯಿಯದೇ ಇನ್ನೊಂದು ಜಾತಿ. ಒಳ್ಳೆ ಮರವೇ, ಆದರೆ ನಿಂತ ನೀರಿಗೆ ತಡೆಯಲಿಲ್ಲ. ಇವೆರಡರಲ್ಲೇ ನಲವತ್ತು ಸಾವಿರದ ಹತ್ತಿರ ಖರ್ಚು. ಜಾಸ್ತಿ ಹೋಗಿದ್ದು ಆಳಿನ ಕೂಲಿಗೆ.

ದಾರಿ ಸಿಕ್ಕಿದ್ದು ಅಮೆರಿಕದ ಲೂಸಿಯಾನಾದ ಜೌಗಿನ ಬಾಲ್ಡ್ ಸೈಪ್ರೆಸ್ ಎಂಬ ಮರದ ಬಗ್ಗೆ ಓದಿದಾಗ. ಅದಕ್ಕೂ ಮಂಡಿ ಬೇರು ಇದೆ. ದೊಡ್ಡ ಮರ ವರ್ಷಗಟ್ಟಲೆ ನೀರಲ್ಲಿ ನಿಲ್ಲುತ್ತದೆ, ಆದರೆ ಬೀಜ ನೀರಡಿ ಮೊಳೆಯುವುದಿಲ್ಲ. ನೀರು ಇಳಿದಾಗ ಒದ್ದೆ ಮಣ್ಣಲ್ಲಿ ಮೊಳೆತು, ಮುಂದಿನ ನೆರೆ ಬರುವ ಮುಂಚೆ ಸಸಿ ತಲೆ ಮೇಲಕ್ಕೆತ್ತಬೇಕು. ಅಲ್ಲಿ ಸಸಿ ತಿನ್ನಲು ನ್ಯೂಟ್ರಿಯಾ ಎಂಬ ಇಲಿ ಜಾತಿಯ ದೊಡ್ಡ ಪ್ರಾಣಿ ಇದೆ, ನಮ್ಮಲ್ಲಿ ಏಡಿ. ಹಾಗಾದರೆ ಎತ್ತರದ ಸಸಿಯನ್ನೇ ನೆಟ್ಟರಾಯ್ತು ಅಲ್ವಾ?

ಕಾಯಿ ಬಿರಿದ ದಿನವೇ ಬೀಜ ತಂದು, ಪತ್ರೆ ಬಿಡಿಸಿ, ಒಣಗಲು ಬಿಡದೆ ಮರಳು ಮಡಿಗೆ ಹಾಕಿದೆ. ಈ ಬೀಜ ಒಣಗಿದರೆ ಮುಗೀತು, ಡಬ್ಬಿಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಮಡಿಗೂ ಏಡಿ ಬಂತು. ಬೀಜಕ್ಕೆ ಒಂದು ಲೇಪ ಮಾಡಿದ ಮೇಲೆ ಅದರ ಕಾಟ ನಿಂತಿತು. ಲೇಪ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಸಸಿಗಳನ್ನು ಎರಡು ಮಳೆಗಾಲ ದೊಡ್ಡ ಚೀಲದಲ್ಲೇ ಬೆಳೆಸಿದೆ. ಕೊನೆಯ ಕೆಲವು ತಿಂಗಳು ಚೀಲದ ಬುಡ ನೀರಲ್ಲಿತ್ತು. ಒಂದು ಸಸಿಗೆ ನಲವತ್ತು, ನಲವತ್ತೈದು ರೂಪಾಯಿ ಬಿದ್ದಿರಬಹುದು.

ಇದಕ್ಕಿಂತ ದೊಡ್ಡ ಕೆಲಸ ನೀರಿನದು. ಬಸಿಗಾಲುವೆಗೆ ಅಡ್ಡಲಾಗಿ ಮಣ್ಣು, ಕಲ್ಲಿನ ಸಣ್ಣ ಕಟ್ಟಗಳನ್ನು ಹಾಕಿದೆ. ಮೊಣಕಾಲಿಗಿಂತ ಎತ್ತರ ಯಾವುದೂ ಇಲ್ಲ. ನೀರು ನಿಲ್ಲಬಾರದು, ಓಡಲೂಬಾರದು, ತೆವಳಬೇಕು. ಮೇಲಿನ ಕಟ್ಟ ಒಂದು ಮಳೆಗೆ ಒಡೆದು ಅರವತ್ತು ಎಪ್ಪತ್ತು ಸಸಿ ಕೊಚ್ಚಿಹೋದವು. ಆಮೇಲೆ ಪ್ರತಿ ಕಟ್ಟಕ್ಕೂ ಪಕ್ಕದಲ್ಲಿ ಕೋಡಿ ಬಿಟ್ಟೆ. ಏಪ್ರಿಲ್, ಮೇನಲ್ಲೂ ಕೆಸರು ಹಸಿಯಾಗಿ ಇರುವಂತಾದ ವರ್ಷದಿಂದಲೇ ಗಿಡ ಜೋರು ಹಿಡಿದವು. ತೋಟದ ಬಾವಿಯಲ್ಲೂ ಬೇಸಿಗೆ ನೀರು ಒಂದೆರಡು ಮೊಳ ಮೇಲೆ ನಿಲ್ಲುತ್ತಿದೆ. ಆಗ ಆಡಿಕೊಂಡವರಲ್ಲಿ ಇಬ್ಬರು ಈಗ ತಮ್ಮ ಕಾಲುವೆಗೂ ಕಟ್ಟ ಹಾಕಿದ್ದಾರೆ.

ಹೋದ ಮಳೆಗಾಲದಲ್ಲಿ ಒಂದು ಮ್ಯಾಗ್ನಿಫಿಕಾ ಬುಡದಿಂದ ಗೇಣು ಮೇಲೆ ಮೊದಲ ಊರುಬೇರು ಬಿಟ್ಟಿತು. ಬೆರಳು ದಪ್ಪ, ತುದಿ ಎಳೆ ಕೆಂಪು, ಇನ್ನೂ ಮಣ್ಣು ಮುಟ್ಟಿರಲಿಲ್ಲ. ನಾನು ದಿನಾ ಹೋಗಿ ನೋಡುತ್ತಿದ್ದೆ.

ಇದರ ನಡುವೆ ಇನ್ನೊಂದು ಪ್ರಯೋಗ. ಕಾಳುಮೆಣಸನ್ನು ಜೌಗು ತಡೆಯುವ ಬ್ರೆಜಿಲ್ ಹಿಪ್ಪಲಿಗೆ ಕಸಿ ಕಟ್ಟುವ ಹಾಗೆ, ಮನೆಯ ಹೆಣ್ಣು ಜಾಯಿಕಾಯಿ ಮರದ ಕಡ್ಡಿಯನ್ನು ಮ್ಯಾಗ್ನಿಫಿಕಾ ಸಸಿಗೆ ಕಟ್ಟಿದೆ. ನೂರರಲ್ಲಿ ಮೂವತ್ತೋ ಮೂವತ್ತೈದೋ ಹಿಡಿದವು. ಯಾವ ತಿಂಗಳು ಕಟ್ಟಿದರೆ ಹಿಡಿಯುತ್ತದೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಅಡಿಕೆ ನಿಲ್ಲದ ತಗ್ಗಿನಲ್ಲಿ ಇವು ಚೆನ್ನಾಗಿ ನಿಂತಿವೆ. ಕಾಯಿ ಇನ್ನೂ ಬಂದಿಲ್ಲ. ಬಂದ ಮೇಲೆ ಲೆಕ್ಕ ಬರೆಯುತ್ತೇನೆ.