ಪಾರ್ಸೆಲ್ ಡೆಲಿವರಿ ಕೆಲಸ: ಎಲ್ಲಿ ನಿಮಿಷ ಉಳಿಸಬೇಕು, ಎಲ್ಲಿ ಉಳಿಸಬಾರದು

ಮೊದಲ ದಿನ ನನಗೆ ಕೊಟ್ಟಿದ್ದು 120 ಸ್ಟಾಪ್, ಅಂದರೆ ಪಾರ್ಸೆಲ್ ತಲುಪಿಸಬೇಕಾದ 120 ಜಾಗ. ಕತ್ತಲಾದ ಮೇಲೆ ಡಿಪೋಗೆ ವಾಪಸ್ ಬಂದಾಗ ವ್ಯಾನ್‌ನಲ್ಲಿ ಇನ್ನೂ 43 ಪಾರ್ಸೆಲ್ ಉಳಿದಿದ್ದವು. ದಿನವೆಲ್ಲ ಎಲ್ಲೂ ಸುಮ್ನೆ ಕೂತಿರಲಿಲ್ಲ. ಊಟಕ್ಕೂ ನಿಲ್ಲಿಸಿರಲಿಲ್ಲ. ಗಾಡಿಯನ್ನು ಜೋರಾಗಿಯೇ ಓಡಿಸಿದ್ದೆ. ಆದರೂ ಮೂರರಲ್ಲಿ ಒಂದು ಪಾಲು ಹಾಗೇ ಉಳಿಯಿತು. ಯಾಕೆ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಒಂದು ರಜೆಯ ದಿನ ಕೂತು ಲೆಕ್ಕ ಹಾಕಿದೆ. ಎಂಟು ಗಂಟೆ ಅಂದರೆ 480 ನಿಮಿಷ. 120 ಸ್ಟಾಪ್‌ಗೆ ಹಂಚಿದರೆ ಒಂದೊಂದಕ್ಕೆ ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷದಲ್ಲಿ ಗಾಡಿ ಓಡಿಸಬೇಕು, ನಿಲ್ಲಿಸಲು ಜಾಗ ಹುಡುಕಬೇಕು, ಪಾರ್ಸೆಲ್ ತೆಗೆಯಬೇಕು, ಬಾಗಿಲವರೆಗೆ ನಡೆಯಬೇಕು, ಕಾಯಬೇಕು, ಸ್ಕ್ಯಾನ್ ಮಾಡಬೇಕು, ಓಟಿಪಿ ಅಥವಾ ಸಹಿ ಪಡೆಯಬೇಕು, ಮತ್ತೆ ಗಾಡಿಗೆ ಮರಳಬೇಕು. ಮರುದಿನದಿಂದ ಒಂದು ವಾರ ನಾನು ಗಡಿಯಾರ ನೋಡಿಕೊಂಡೇ ಕೆಲಸ ಮಾಡಿದೆ. ಸಮಯ ಹೋಗುತ್ತಿದ್ದದ್ದು ರಸ್ತೆಯಲ್ಲಿ ಅಲ್ಲ, ವ್ಯಾನ್‌ನ ಒಳಗೆ. ಒಂದು ಪಾರ್ಸೆಲ್ ಹುಡುಕಲು ಸರಾಸರಿ ಒಂದೂವರೆ ನಿಮಿಷ ಹಿಡಿಯುತ್ತಿತ್ತು. 120ರಿಂದ ಗುಣಿಸಿ ನೋಡಿ. ಮೂರು ಗಂಟೆ! ಮೂರು ಗಂಟೆ ನಾನು ಡಬ್ಬಗಳನ್ನು ಎತ್ತಿ ತಿರುಗಿಸಿ ಲೇಬಲ್ ಓದುತ್ತಿದ್ದೆ. ಅದನ್ನು ಗಾಡಿ ಜೋರಾಗಿ ಓಡಿಸಿ ಸರಿಮಾಡಲು ಹೊರಟಿದ್ದೆ.

ಹಾಗಾಗಿ ಹೊಸಬರಿಗೆ ನಾನು ಮೊದಲು ಹೇಳುವುದು ಲೋಡಿಂಗ್ ಬಗ್ಗೆ.

ಕೊನೆಗೆ ಕೊಡುವುದನ್ನು ಮೊದಲು ಒಳಗಿಡಿ, ಮೊದಲು ಕೊಡುವುದನ್ನು ಬಾಗಿಲ ಹತ್ತಿರ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಅದೊಂದನ್ನೇ ಹಿಡಿದು ಹೊರಟರೆ ಸಾಲದು. ಪಾರ್ಸೆಲ್‌ಗಳು ಒಂದೇ ಅಳತೆಯವಲ್ಲ. 37ನೇ ಸ್ಟಾಪ್‌ನ ದೊಡ್ಡ ಪೆಟ್ಟಿಗೆಯನ್ನು 36 ಮತ್ತು 38ರ ಸಣ್ಣ ಕವರ್‌ಗಳ ನಡುವೆ ಇಡುವುದು ಆಗದ ಮಾತು. ನಾನು ಮಾಡುವುದು ಹೀಗೆ. ಲೋಡ್ ಮಾಡುವಾಗ ಪ್ರತಿ ಪಾರ್ಸೆಲ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ಸ್ಟಾಪ್ ನಂಬರ್ ಬರೆಯುತ್ತೇನೆ. ಬಾಗಿಲು ತೆಗೆದ ತಕ್ಷಣ ಕಾಣುವ ಬದಿಯಲ್ಲಿ, ಅಂಗೈ ಅಗಲಕ್ಕೆ. ಸಣ್ಣ ಕವರ್‌ಗಳು ಹತ್ತು ಹತ್ತರಂತೆ ಚೀಲಗಳಿಗೆ ಹೋಗುತ್ತವೆ: 1ರಿಂದ 10 ಒಂದು ಚೀಲ, 11ರಿಂದ 20 ಇನ್ನೊಂದು. ಮಧ್ಯಮ ಅಳತೆಯವು ಎಡಗೋಡೆಗೆ, ಸಾಲಾಗಿ. ತೀರಾ ದೊಡ್ಡವು ಮತ್ತು ಭಾರದವು ಕೆಳಗೆ, ಡ್ರೈವರ್ ಸೀಟಿನ ಹಿಂದಿನ ಗೋಡೆಗೆ ಒತ್ತಿಕೊಂಡು. ಬ್ರೇಕ್ ಹಾಕಿದಾಗ ಅವು ಮುಂದಕ್ಕೆ ಹಾರಬಾರದು. ದೊಡ್ಡವುಗಳ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸುತ್ತೇನೆ. ಇಲ್ಲದಿದ್ದರೆ 37ನೇ ಮನೆಗೆ ಕವರ್ ಕೊಟ್ಟು ಹೊರಟುಬಿಡುತ್ತೇವೆ, ಪೆಟ್ಟಿಗೆ ಉಳಿದಿರುತ್ತದೆ.

ಇದಕ್ಕೆ ಬೆಳಿಗ್ಗೆ 25 ನಿಮಿಷ ಜಾಸ್ತಿ ಬೇಕು. ಪಕ್ಕದ ಗಾಡಿಗಳೆಲ್ಲ ಹೊರಟುಹೋಗುತ್ತಿರುತ್ತವೆ, ಒಳಗೊಳಗೇ ಚಡಪಡಿಕೆ ಆಗುತ್ತದೆ. ತಡೆದುಕೊಳ್ಳಿ. ಈಗ ನನಗೆ ಒಂದು ಪಾರ್ಸೆಲ್ ಕೈಗೆ ಸಿಗಲು 20 ಸೆಕೆಂಡ್ ಸಾಕು. ದಿನಕ್ಕೆ ಮೂರು ಗಂಟೆ ಇದ್ದದ್ದು 40 ನಿಮಿಷಕ್ಕೆ ಇಳಿಯಿತು.

ವ್ಯಾನ್ ತುಂಬುವುದು ತೂಕದಿಂದ ಅಲ್ಲ, ಜಾಗದಿಂದ. ಕೊರಿಯರ್ ಕಂಪನಿಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಗಾತ್ರದ ತೂಕ ಲೆಕ್ಕ ಹಾಕುವುದು ಇದಕ್ಕೇ. 60, 50, 40 ಸೆಂಟಿಮೀಟರ್‌ನ ಒಂದು ಪೆಟ್ಟಿಗೆಯಲ್ಲಿ ಬರೀ ಹಾಸಿಗೆ ಬಟ್ಟೆ ಇದ್ದರೂ ಅದು 24 ಕೆಜಿಯ ಲೆಕ್ಕಕ್ಕೆ ಬರುತ್ತದೆ. ಕಳಿಸುವವರು ಅದಕ್ಕೆ ತಕ್ಕ ಹಣ ಕೊಡುತ್ತಾರೆ. ನಮಗೆ ಮಾತ್ರ ಅದು ಒಂದೇ ಪಾರ್ಸೆಲ್. ರಿಯಾಯಿತಿ ಮಾರಾಟದ ವಾರಗಳಲ್ಲಿ ವ್ಯಾನ್ ಒಳಗೆ ಕಾಲಿಡಲೂ ಜಾಗ ಇರುವುದಿಲ್ಲ. ಅಂಥ ದಿನ ಹತ್ತು ಸ್ಟಾಪ್ ಆದ ಮೇಲೆ ಒಮ್ಮೆ, ಐವತ್ತು ಆದ ಮೇಲೆ ಇನ್ನೊಮ್ಮೆ ನಿಲ್ಲಿಸಿ ಉಳಿದದ್ದನ್ನು ಮತ್ತೆ ಜೋಡಿಸುತ್ತೇನೆ.

ಗೇಟ್ ದಾಟುವ ಮುಂಚೆ ಇನ್ನೊಂದು ಕೆಲಸ ಇದೆ. ಸ್ಕ್ಯಾನರ್ ಪಟ್ಟಿಯಲ್ಲಿರುವ ಸಂಖ್ಯೆಗೂ ಗಾಡಿಯಲ್ಲಿರುವ ಸಂಖ್ಯೆಗೂ ತಾಳೆ ನೋಡಬೇಕು. ಒಂದು ಕಡಿಮೆ ಇದ್ದರೂ ಅಲ್ಲೇ ಹೇಳಿ ಬರೆಸಬೇಕು. ಹೊರಗೆ ಬಂದ ಮೇಲೆ ಹೇಳಿದರೆ ಅದು ನಮ್ಮ ಕೈಯಲ್ಲಿ ಕಳೆದುಹೋಗಿದ್ದು ಅಂತಲೇ ಆಗುತ್ತದೆ.

ರೂಟ್ ವಿಷಯಕ್ಕೆ ಬರುತ್ತೇನೆ. ಹತ್ತೇ ಸ್ಟಾಪ್ ಇದ್ದರೂ ಅವನ್ನು ಸುತ್ತಲು 36,28,800 ಕ್ರಮಗಳಿವೆ. ನೂರಿಪ್ಪತ್ತಕ್ಕೆ ಎಷ್ಟಾಗಬಹುದು ಅಂತ ಯೋಚಿಸಿ. ಅದಕ್ಕೇ ಆ್ಯಪ್ ಬೇಕು, ಅದು ಹಾಕಿಕೊಟ್ಟ ಕ್ರಮ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಆದರೆ ಕೆಲವು ವಿಷಯ ಅದಕ್ಕೆ ಕಾಣುವುದಿಲ್ಲ. ಒಂದು ಕಚೇರಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಒಂದು ಮನೆಯಲ್ಲಿ ಸಂಜೆಯವರೆಗೆ ಯಾರೂ ಇರುವುದಿಲ್ಲ. ಮ್ಯಾಪ್‌ನ ಪಿನ್ ಹಿಂಬದಿಯ ಕಾಂಪೌಂಡ್ ಗೋಡೆಗೆ ಬಿದ್ದಿರುತ್ತದೆ, ಗೇಟ್ ಇರುವುದು ಇನ್ನೊಂದು ಬೀದಿಯಲ್ಲಿ. ಇದನ್ನೆಲ್ಲ ನಾನು ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬೀದಿವಾರು ಬರೆಯುತ್ತಾ ಬಂದೆ. ಹೆಸರು, ಫೋನ್ ನಂಬರ್ ಬರೆಯುವುದಿಲ್ಲ, ಅದು ಅವರ ಸ್ವಂತ ವಿಷಯ. ಗೇಟ್ ಎಲ್ಲಿದೆ, ಲಿಫ್ಟ್ ಇದೆಯಾ, ಗಾಡಿ ಎಲ್ಲಿ ನಿಲ್ಲಿಸಬಹುದು, ನಾಯಿ ಇದೆಯಾ, ಇಷ್ಟೇ.

ಎದುರಿನಿಂದ ಬರುವ ಗಾಡಿಗಳನ್ನು ದಾಟಿ ತಿರುಗಬೇಕಾದ ತಿರುವುಗಳನ್ನು ಆದಷ್ಟು ತಪ್ಪಿಸುತ್ತೇನೆ. ಕಾಯುವ ಸಮಯವೂ ಉಳಿಯುತ್ತದೆ, ಡಿಕ್ಕಿಯ ಭಯವೂ ಕಡಿಮೆ. ಅಮೆರಿಕದ ಕೊರಿಯರ್ ಕಂಪನಿ ಯುಪಿಎಸ್ ತನ್ನ ಡ್ರೈವರ್‌ಗಳಿಗೆ ವರ್ಷಗಳಿಂದ ಹೇಳುತ್ತಾ ಬಂದಿರುವುದೂ ಇದನ್ನೇ. ಅಲ್ಲಿ ಬಲಬದಿಯಲ್ಲಿ ಗಾಡಿ ಓಡಿಸುವುದರಿಂದ ಅವರು ಎಡ ತಿರುವು ತಪ್ಪಿಸುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ನಿಮಿಷ ಉಳಿಸುವ ಜಾಗಗಳು. ಉಳಿಸಬಾರದ ಜಾಗಗಳನ್ನು ನಾನು ಕಲಿತದ್ದು ಕಷ್ಟದಿಂದ.

ಮೊದಲನೆಯದು ಮಂಡಿ. ದಿನಕ್ಕೆ 120 ಸಲ ಗಾಡಿ ಇಳಿಯುತ್ತೇವೆ, 120 ಸಲ ಹತ್ತುತ್ತೇವೆ. ನಾನು ಇಳಿಯುತ್ತಿರಲಿಲ್ಲ, ಜಿಗಿಯುತ್ತಿದ್ದೆ. ಎರಡು ಸೆಕೆಂಡ್ ಉಳಿಯುತ್ತಿತ್ತು. ಆರನೇ ತಿಂಗಳಲ್ಲಿ ಎಡಮಂಡಿ ಊದಿಕೊಂಡಿತು. ಹನ್ನೊಂದು ದಿನ ಮನೆಯಲ್ಲಿ ಕೂತೆ, ಆ ಹನ್ನೊಂದು ದಿನ ಒಂದು ಪೈಸೆ ಸಂಪಾದನೆ ಇಲ್ಲ. ಈಗ ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಮೂರು ಕಡೆ ಹಿಡಿತ ಇಟ್ಟುಕೊಂಡೇ ಇಳಿಯುತ್ತೇನೆ. ಮಳೆಯಲ್ಲಂತೂ ಇದು ಬಿಡಲೇಬಾರದು.

ಎರಡನೆಯದು ಸೊಂಟ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್‌ನ ಲೆಕ್ಕದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ತೂಕದ ಮಿತಿ 23 ಕೆಜಿ. ಅನುಕೂಲ ಅಂದರೆ ಹೊರೆ ಮೈಗೆ ಹತ್ತಿರ ಇರಬೇಕು, ಮೈ ತಿರುಚಬಾರದು, ಹಿಡಿ ಚೆನ್ನಾಗಿರಬೇಕು. ಅದೇ ಹೊರೆ 50 ಸೆಂಟಿಮೀಟರ್ ದೂರದಲ್ಲಿದ್ದರೆ ಆ ಮಿತಿ ಅರ್ಧಕ್ಕೆ, ಅಂದರೆ ಹನ್ನೊಂದೂವರೆ ಕೆಜಿಗೆ ಇಳಿಯುತ್ತದೆ. ವ್ಯಾನ್ ಬಾಗಿಲಲ್ಲಿ ನಿಂತು, ಕೈ ಚಾಚಿ, ಮೈ ತಿರುಗಿಸಿ ಪೆಟ್ಟಿಗೆ ಎಳೆಯುವುದು ಎಷ್ಟು ಕೆಟ್ಟ ಅಭ್ಯಾಸ ಅಂತ ಇದನ್ನು ಓದಿದ ಮೇಲೆ ಅರ್ಥವಾಯಿತು. ಈಗ ಪೆಟ್ಟಿಗೆಯನ್ನು ಮೊದಲು ಅಂಚಿಗೆ ಎಳೆದುಕೊಂಡು, ಹೊಟ್ಟೆಗೆ ಒತ್ತಿ ಹಿಡಿದು, ಮಂಡಿ ಬಗ್ಗಿಸಿ ಎತ್ತುತ್ತೇನೆ. ತೀರಾ ಭಾರ ಇದ್ದರೆ ಮಡಚುವ ಟ್ರಾಲಿ ಇದೆ. ನನ್ನ ದುಡ್ಡಲ್ಲಿ ಕೊಂಡ ವಸ್ತುಗಳಲ್ಲಿ ಒಳ್ಳೆಯ ಶೂ ಬಿಟ್ಟರೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರಕ್ಕೆ ಹೋಗಲು ಜಾಗ ಇಲ್ಲ ಅಂತ ಈ ಕೆಲಸದಲ್ಲಿ ತುಂಬ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಮಧ್ಯಾಹ್ನ ಮೂರಕ್ಕೆ ತಲೆನೋವು, ಸಂಜೆಗೆ ಉರಿಮೂತ್ರ, ಲೇಬಲ್ ಎರಡು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಹೆಂಗಸರಿಗೆ ಈ ಕಷ್ಟ ಇನ್ನೂ ದೊಡ್ಡದು ಅಂತ ಜೊತೆಯವರು ಹೇಳಿದ್ದಾರೆ. ಈಗ ರೂಟ್ ನೋಡಿದ ಕೂಡಲೇ ಶೌಚಾಲಯ ಇರುವ ಮೂರು ಜಾಗಗಳನ್ನು ಗುರುತು ಮಾಡಿಕೊಳ್ಳುತ್ತೇನೆ. ಅವು ನನಗೆ ಸ್ಟಾಪ್‌ಗಳಿದ್ದ ಹಾಗೆಯೇ. ಕಂಪನಿಗಳು ಸ್ಟಾಪ್ ಲೆಕ್ಕ ಹಾಕುವಾಗ ಇದಕ್ಕೂ ಸಮಯ ಇಡಬೇಕು. ಯಾರಾದರೂ ನಡುವೆ ಒಂದು ಲೋಟ ನೀರು ಕೊಟ್ಟರೆ ಆ ದಿನವೆಲ್ಲ ಮನಸ್ಸು ಹಗುರ, ಇದೂ ನಿಜ.

ಗಾಡಿಯ ವಿಷಯದಲ್ಲಿ ನನ್ನ ದೊಡ್ಡ ಪೆಟ್ಟು ರಿವರ್ಸ್. ಕಿರಿದಾದ ಗಲ್ಲಿಗೆ ಮೂತಿ ಮುಂದಾಗಿ ನುಗ್ಗಿ, ಹಿಂದೆ ಬರುವಾಗ ಒಂದು ಗೇಟ್ ಕಂಬಕ್ಕೆ ತಾಗಿಸಿದೆ. ಒಂದು ವಾರದ ದುಡಿಮೆ ಹೋಯಿತು. ಅಲ್ಲಿ ಕಂಬದ ಬದಲು ಒಂದು ಮಗು ಇದ್ದಿದ್ದರೆ? ಆ ಯೋಚನೆ ಈಗಲೂ ಬರುತ್ತದೆ. ಅವತ್ತಿನಿಂದ ಗಲ್ಲಿಯ ಬಾಯಲ್ಲೇ ಗಾಡಿ ನಿಲ್ಲಿಸಿ ನಡೆದು ಹೋಗುತ್ತೇನೆ. ರಿವರ್ಸ್ ಮಾಡಲೇಬೇಕಾದರೆ ಇಳಿದು ಹಿಂದೆ ನೋಡಿ ಬರುತ್ತೇನೆ. ಸ್ಕ್ಯಾನರ್‌ನಲ್ಲಿ ಮುಂದಿನ ವಿಳಾಸವನ್ನು ಗಾಡಿ ಓಡುತ್ತಿರುವಾಗ ನೋಡುವುದೂ ಬಿಟ್ಟೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಗಾಡಿ ಸುಮಾರು 28 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ಹೊರಡುವ ಮುಂಚೆಯೇ ನೋಡಿಕೊಂಡರೆ ಆಯಿತು. ಹ್ಯಾಂಡ್‌ಬ್ರೇಕ್ ಹಾಕುವುದು, ಕೀ ಜೇಬಿಗೆ ಹಾಕಿಕೊಳ್ಳುವುದು, ಬಾಗಿಲು ಲಾಕ್ ಮಾಡುವುದು, ಇವು ಒಂದೇ ನಿಮಿಷದ ಸ್ಟಾಪ್ ಆದರೂ ತಪ್ಪಬಾರದು.

ನಾಯಿಗಳ ಬಗ್ಗೆ ಒಂದೇ ಮಾತು: ಒಳಗೆ ಕಾಲಿಡುವ ಮುಂಚೆ ಗೇಟ್ ಅಲುಗಾಡಿಸಿ ಸದ್ದು ಮಾಡಿ, ಕಾಯಿರಿ. ಬಂದರೆ ಓಡಬೇಡಿ, ಬೆನ್ನು ತೋರಿಸಬೇಡಿ, ಪಾರ್ಸೆಲ್ ಅಡ್ಡ ಹಿಡಿದು ನಿಧಾನ ಹಿಂದೆ ಸರಿಯಿರಿ. ಊದಿಕೊಂಡ ಅಥವಾ ಬಿಸಿಯಾಗಿರುವ ಪಾರ್ಸೆಲ್ ಮೇಲೆ ಲಿಥಿಯಂ ಬ್ಯಾಟರಿಯ ಗುರುತು ಇದ್ದರೆ ಅದನ್ನು ಗಾಡಿಗೆ ಹತ್ತಿಸಲೇಬೇಡಿ, ಡಿಪೋದಲ್ಲೇ ತೋರಿಸಿ.

ಬಾಗಿಲ ಮುಂದಿನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಮನೆಯಲ್ಲಿ ಯಾರೂ ಇರಲಿಲ್ಲ. ಫೋನ್ ಮಾಡಿ ಕೇಳದೆ ಪಕ್ಕದ ಮನೆಯಲ್ಲಿ ಕೊಟ್ಟು, ತಲುಪಿದೆ ಅಂತ ಒತ್ತಿದೆ. ಪಾರ್ಸೆಲ್ ಸಿಗಲಿಲ್ಲ ಅಂತ ದೂರು ಬಂತು. ಪಕ್ಕದವರು ನಾವು ತೆಗೆದುಕೊಂಡೇ ಇಲ್ಲ ಅಂದರು. ಹಣ ನನ್ನ ಲೆಕ್ಕದಿಂದಲೇ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಆ ಮನೆಯವರು ನನ್ನನ್ನು ಕಳ್ಳನ ಹಾಗೆ ನೋಡಿದ್ದು. ಈಗ ಎರಡು ಸಲ ಬೆಲ್, ಒಂದು ಫೋನ್, ಅವರು ಹೇಳಿದರೆ ಮಾತ್ರ ಬೇರೆಯವರ ಕೈಗೆ, ಜೊತೆಗೆ ಒಂದು ಫೋಟೋ. ಇಲ್ಲದಿದ್ದರೆ ವಾಪಸ್. ವಾಪಸ್ ತಂದರೆ ಎಷ್ಟೋ ಕಡೆ ಆ ಸ್ಟಾಪ್‌ಗೆ ದುಡ್ಡಿಲ್ಲ, ನಾಳೆ ಮತ್ತೆ ಹೋಗಬೇಕು. ಆದರೂ ಕೊಡದ್ದನ್ನು ಕೊಟ್ಟೆ ಅಂತ ಒತ್ತಬಾರದು. ಸಂಜೆ ಟಾರ್ಗೆಟ್ ಮುಟ್ಟಿಸಲು ಹಾಗೆ ಒತ್ತಿ, ನಾಳೆ ಕೊಡೋಣ ಅನ್ನುವವರನ್ನು ನೋಡಿದ್ದೇನೆ. ಒಂದೇ ಒಂದು ಪಾರ್ಸೆಲ್ ರಾತ್ರಿ ಕಳೆದುಹೋದರೆ ಸಾಕು, ಕೆಲಸವೇ ಹೋಗುತ್ತದೆ. ಒಳಗಿರುವುದು ಯಾರಿಗೋ ಬೇಕಾದ ಔಷಧಿಯೂ ಆಗಿರಬಹುದು ಅಲ್ವಾ?

ಸಂಪಾದನೆ ಬಗ್ಗೆ ಕೇಳುವವರೇ ಜಾಸ್ತಿ. ಕೈಗೆ ಬರುವ ಮೊತ್ತ ನೋಡಿ ಸೇರಬೇಡಿ. ದುಡ್ಡು ಪಾರ್ಸೆಲ್‌ಗೋ, ಸ್ಟಾಪ್‌ಗೋ, ದಿನಕ್ಕೋ ಅಂತ ಮೊದಲು ಕೇಳಿ. ಒಂದೇ ಮನೆಗೆ ಐದು ಪಾರ್ಸೆಲ್ ಇದ್ದರೆ ಈ ವ್ಯತ್ಯಾಸ ದೊಡ್ಡದು. ಲೋಡಿಂಗ್‌ಗೆ ಕಾಯುವ ಸಮಯಕ್ಕೆ ದುಡ್ಡಿದೆಯಾ, ಮನೆಯಲ್ಲಿ ಯಾರೂ ಇಲ್ಲದ ಸ್ಟಾಪ್‌ಗೆ ಇದೆಯಾ, ಕಳೆದುಹೋದದ್ದಕ್ಕೆ ಯಾರು ಹೊಣೆ, ಪೆಟ್ಟಾದರೆ ವಿಮೆ ಯಾರದು ಅಂತ ಕೇಳಿ, ಆದಷ್ಟು ಬರಹದಲ್ಲಿ ಪಡೆಯಿರಿ. ಗಾಡಿ ನಿಮ್ಮದೇ ಆದರೆ ಇಂಧನ ಮಾತ್ರ ಖರ್ಚು ಅಂದುಕೊಳ್ಳಬೇಡಿ. ನಿಮಿಷಕ್ಕೊಮ್ಮೆ ನಿಂತು ಹೊರಡುವ ಗಾಡಿಯಲ್ಲಿ ಬ್ರೇಕ್, ಕ್ಲಚ್, ಟೈರ್ ಬೇಗ ಸವೆಯುತ್ತವೆ. ನಾನು ಪ್ರತಿ ವಾರ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಗಾಡಿಗೆ ಅಂತ ಬೇರೆ ಎತ್ತಿಡುತ್ತೇನೆ. ಉಳಿದದ್ದನ್ನು ಡಿಪೋದಲ್ಲಿ ಕಾಯ್ದ ಗಂಟೆಗಳೂ ಸೇರಿದ ಒಟ್ಟು ಗಂಟೆಗಳಿಂದ ಭಾಗಿಸುತ್ತೇನೆ. ಆಗ ಬರುವುದೇ ನಿಜವಾದ ಕೂಲಿ. ಮೊದಲ ಸಲ ಆ ಲೆಕ್ಕ ಮಾಡಿದಾಗ ತುಂಬ ಬೇಜಾರಾಗಿತ್ತು. ಲೋಡಿಂಗ್ ಸರಿಯಾದ ಮೇಲೆ ಅದೇ ಲೆಕ್ಕ ಸ್ವಲ್ಪ ಸುಧಾರಿಸಿತು.

ಕಳೆದ ತಿಂಗಳು ನಾನು ನಾಲ್ಕು ದಿನ ರಜೆ ಹಾಕಿದೆ. ನನ್ನ ರೂಟ್ ಒಬ್ಬ ಹೊಸ ಹುಡುಗನಿಗೆ ಹೋಯಿತು. ಹಿಂದಿನ ಸಂಜೆ ಅವನ ಜೊತೆ ಕೂತು ನೋಟ್‌ಬುಕ್ ಕೊಟ್ಟೆ, ಮಾರ್ಕರ್ ಕೊಟ್ಟೆ, ಬೆಳಿಗ್ಗೆ ಎಲ್ಲರೂ ಹೊರಟರೂ ನೀನು ಲೋಡ್ ಮುಗಿಸಿಯೇ ಹೊರಡು ಅಂದೆ. ಮೊದಲ ದಿನ ರಾತ್ರಿ ಅವನೇ ಫೋನ್ ಮಾಡಿದ. ಆರು ಪಾರ್ಸೆಲ್ ವಾಪಸ್ ಬಂದಿತ್ತು. ನೋಟ್‌ಬುಕ್‌ನಲ್ಲಿ ಒಂದು ಸಾಲು ತಾನೂ ಸೇರಿಸಿದ್ದೇನೆ ಅಂದ: ಬಾವಿ ಪಕ್ಕದ ಹಳದಿ ಮನೆ, ಬೆಲ್ ಕೆಟ್ಟಿದೆ, ಕಿಟಕಿ ತಟ್ಟಬೇಕು.