ಆಂಟಿಬಯೋಟಿಕ್ ತಗೊಂಡಾಗ ಭೇದಿ ಶುರುವಾದರೆ

ಅಮ್ಮನಿಗೆ ಹಲ್ಲಿನ ಸೋಂಕಿಗೆ ಕೊಟ್ಟ ಆಂಟಿಬಯೋಟಿಕ್‌ನಿಂದ ಮೂರನೇ ದಿನವೇ ಭೇದಿ ಶುರುವಾಯಿತು. ಈ ಮಾತ್ರೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಅದಕ್ಕೇ ಹೀಗೆ. ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ನೀರು ಕಡಿಮೆಯಾಗಬಾರದು, ಅದೇ ಮುಖ್ಯ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟನ್ನು ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಲೋಟಕ್ಕೆ ಚಿಟಿಕೆ ಹಾಕುವ ಅಭ್ಯಾಸ ಬೇಡವೇ ಬೇಡ. 24 ಗಂಟೆ ಕಳೆದರೆ ಉಳಿದದ್ದು ಚೆಲ್ಲಿ. ಅಮ್ಮನಿಗೆ ಗುಟುಕು ಗುಟುಕಾಗಿ ಕುಡಿಸಿದೆ. ಊಟಕ್ಕೆ ಮೆತ್ತಗೆ ಬೆಂದ ಗಂಜಿ, ಉಪ್ಪು ಹಾಕಿದ ತಿಳಿ. ಮಿಡಿ ಉಪ್ಪಿನಕಾಯಿ ಎರಡು ದಿನ ದೂರವಿಟ್ಟೆವು.

ಭೇದಿ ನಿಲ್ಲಿಸುವ ಮಾತ್ರೆಯನ್ನು ಕೇಳದೆ ತಗೋಬೇಡಿ. ರಕ್ತ, ಜ್ವರ, ಜಾಸ್ತಿ ಹೊಟ್ಟೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಆಂಟಿಬಯೋಟಿಕ್ ಕೋರ್ಸ್ ಮುಗಿದು ಕೆಲವು ವಾರವಾಗಿದ್ದರೂ.