ಡೂಮ್‌ಗೆ ನಾನೊಂದು ಮ್ಯಾಪ್ ಕಟ್ಟಿದ್ದು

ಗ್ರಾಫಿಕ್ಸ್ ಹಳತಾಗಿದ್ದಕ್ಕೇ ಹಳೆಯ ಶೂಟರ್ ಆಟಗಳು ಮೂಲೆ ಸೇರಿದವು ಅಂತ ನಾನೂ ನಂಬಿಕೊಂಡಿದ್ದೆ. 1993ರ ಶೂಟರ್ ಡೂಮ್‌ಗೆ ಒಂದು ಮ್ಯಾಪ್, ಅಂದರೆ ಆಡುವ ಕೋಣೆ-ಓಣಿಗಳ ಜಾಗ, ಕಟ್ಟಲು ಕೂತ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಎಡಿಟರ್ ಉಚಿತವಾಗಿಯೇ ಸಿಗುತ್ತದೆ: ಅಲ್ಟಿಮೇಟ್ ಡೂಮ್ ಬಿಲ್ಡರ್. ಮನೆಯ ನಕ್ಷೆ ಬರೆದಂತೆ ಗೆರೆ ಎಳೆಯುತ್ತಾ ಹೋಗಬೇಕು. ಗೆರೆಗಳು ಕೂಡಿಕೊಂಡರೆ ಒಂದು ಸೆಕ್ಟರ್. ಅದರ ನೆಲ, ಚಾವಣಿ, ಬೆಳಕಿಗೆ ಒಂದೊಂದು ಅಂಕಿ ಕೊಟ್ಟರೆ ಕೋಣೆ ಸಿದ್ಧ. ಮೂಲ ಡೂಮ್‌ನಲ್ಲಿ ಕೋಣೆಯ ಮೇಲೊಂದು ಕೋಣೆ ಬರುವಂತಿಲ್ಲ. ಬಾಗಿಲೆಂದರೂ ಚಾವಣಿ ನೆಲಕ್ಕಿಳಿದು ಕೂತ ಪುಟ್ಟ ಸೆಕ್ಟರ್ ಅಷ್ಟೇ. ನನ್ನ ಮೊದಲ ಬಾಗಿಲು ತೆರೆದಾಗ ಪಕ್ಕದ ಚೌಕಟ್ಟೂ ಜೊತೆಗೇ ಮೇಲಕ್ಕೆ ಜಾರಿತು. ಚೌಕಟ್ಟಿನ ಚಿತ್ರ ಜಾರದಂತೆ ಹಿಡಿಯುವ ಲೋವರ್ ಅನ್‌ಪೆಗ್ಡ್ ಗುರುತು ಹಾಕಲು ಮರೆತಿದ್ದೆ. ಅದಕ್ಕಿಂತ ದೊಡ್ಡ ಎಡವಟ್ಟು ಮೆಟ್ಟಿಲಿನದು. ಆಟಗಾರ 24 ಯೂನಿಟ್‌ಗಿಂತ (ಆಟದೊಳಗಿನ ಅಳತೆ) ಎತ್ತರದ ಮೆಟ್ಟಿಲು ಹತ್ತಲಾರ, ನಾನು 32 ಇಟ್ಟಿದ್ದೆ. ಜಂಪ್ ಗುಂಡಿಯೇ ಇಲ್ಲದ ಆಟ! ನೀಲಿ ಕೀ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ಸುಮ್ಮನೆ ನಿಂತಿದ್ದೆ.

ಕಣ್ಣು ತೆರೆಸಿದ್ದು ಶತ್ರುಗಳನ್ನು ಇಡುವ ಕೆಲಸ. ಮೊದಲು ದೊಡ್ಡ ಕೋಣೆಗೆ ಶಾಟ್‌ಗನ್ ಸೈನಿಕರನ್ನೇ ತುಂಬಿದೆ. ಅವರು ಟ್ರಿಗರ್ ಒತ್ತಿದ ಕ್ಷಣವೇ ಏಟು ಬೀಳುತ್ತದೆ, ಗೋಡೆಯ ಮರೆ ಬಿಟ್ಟರೆ ಗತಿಯಿಲ್ಲ. ಆಡಿ ನೋಡಿದೆ, ಬೇಸರ ಬಂತು. ಅವರನ್ನು ತೆಗೆದು ಬೆಂಕಿಯುಂಡೆ ಎಸೆಯುವ ರಾಕ್ಷಸರಾದ ಇಂಪ್‌ಗಳನ್ನು ಇಟ್ಟೆ. ಆಟದ ಗಡಿಯಾರ ಸೆಕೆಂಡಿಗೆ 35 ಟಿಕ್ ಹೊಡೆಯುತ್ತದೆ; ಇಂಪ್ ಎಸೆಯುವ ಬೆಂಕಿಯುಂಡೆ ಟಿಕ್‌ಗೆ 10 ಯೂನಿಟ್ ಸಾಗಿದರೆ, ಓಡುವ ಆಟಗಾರ 16ಕ್ಕೂ ಹೆಚ್ಚು. ಬೆಂಕಿಗಿಂತ ನಮ್ಮ ಕಾಲೇ ಚುರುಕು! ನಡುವೆ ಹತ್ತಿರ ಬಂದು ಕಚ್ಚುವ ಒಂದೆರಡು ಗುಲಾಬಿ ಡೀಮನ್ ಬಿಟ್ಟೆ. ಇಂಪ್‌ನ ಬೆಂಕಿ ಇನ್ನೊಂದು ಇಂಪ್‌ಗೆ ತಾಕಿದರೆ ಏನೂ ಆಗದು, ಡೀಮನ್‌ಗೆ ತಾಕಿದರೆ ಅವೆರಡೇ ಕಚ್ಚಾಡಿಕೊಳ್ಳುತ್ತವೆ. ಅದೇ ಕೋಣೆ ಈಗ ಕುಣಿಯುವ ಅಂಗಳವಾಯಿತು.

2001ರ ಶೂಟರ್ ಹೇಲೋದಲ್ಲಿ ಕೈಗೆ ಎರಡೇ ಬಂದೂಕು, ಏಟು ತಡೆದು ತಾನಾಗಿ ಮತ್ತೆ ತುಂಬಿಕೊಳ್ಳುವ ಶೀಲ್ಡ್. ಕಂಟ್ರೋಲರ್ ಹಿಡಿದವರಿಗೆ ಅದು ಸರಿಯಾದ ಲೆಕ್ಕ, ಆಟವೂ ಸೊಗಸಾಗಿದೆ. ಆದರೆ ಅದನ್ನು ಅನುಸರಿಸಿದ ಎಷ್ಟೋ ಆಟಗಳಲ್ಲಿ ಮರೆಯಲ್ಲಿ ಕೂತು ಕಾಯುವುದೇ ಜಾಣತನವಾಯಿತು. ಆ ನಿಯಮಕ್ಕೆ ನನ್ನ ಕೋಣೆಯ ಒಂದು ಕಂಬ ಸಾಕು, ಉಳಿದ ಜಾಗವೆಲ್ಲ ದಂಡ.

ಹಾಗಂತ ತಪ್ಪೆಲ್ಲ ಹೊಸ ಆಟಗಳದ್ದೇ ಅಲ್ಲ. ಗೆಳೆಯನಿಗೆ ಮ್ಯಾಪ್ ಕೊಟ್ಟೆ. ಕೆಂಪು ಕೀ ಸಿಕ್ಕ ಮೇಲೆ ಬಾಗಿಲು ಎಲ್ಲಿದೆ ಅಂತ ಖಾಲಿ ಓಣಿಗಳಲ್ಲಿ ಇಪ್ಪತ್ತು ನಿಮಿಷ ಅಲೆದ. "ಇದಕ್ಕೇ ಕಣೋ ಜನ ಈ ಆಟಗಳನ್ನ ಬಿಟ್ಟಿದ್ದು" ಅಂದ. ಉತ್ತರ ಹೊಳೆಯಲಿಲ್ಲ. ಆಟ ಶುರುವಾಗುವ ಕೋಣೆಗೇ ಒಂದು ಕಿಟಕಿ ಕೊರೆದು, ಅಲ್ಲಿಂದಲೇ ಕೆಂಪು ಬಾಗಿಲು ಕಾಣುವಂತೆ ಮಾಡಿದೆ. ಎರಡನೇ ಸಲ ಅವನು ಕೀ ಎತ್ತಿಕೊಂಡವನೇ ನೆಟ್ಟಗೆ ಅಲ್ಲಿಗೆ ಓಡಿದ.

ಡೂಮ್‌ನ ಮ್ಯಾಪ್, ಚಿತ್ರ, ಸದ್ದು ಎಲ್ಲ ಆಟದ ಪ್ರೋಗ್ರಾಮ್‌ನಿಂದ ಬೇರೆಯಾಗಿ ವ್ಯಾಡ್ ಎಂಬ ಫೈಲ್‌ನಲ್ಲಿ ಇರುತ್ತವೆ, ಹಾಗಾಗಿ ಬೇರೆಯವರೂ ತಿದ್ದಬಹುದು. 1997ರಲ್ಲಿ ಡೂಮ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದರ ಸೋರ್ಸ್ ಕೋಡನ್ನೂ ಎಲ್ಲರಿಗೆ ಬಿಟ್ಟುಕೊಟ್ಟರು. ಕೌಂಟರ್-ಸ್ಟ್ರೈಕ್ ಎಂಬ ಶೂಟರ್ ಹುಟ್ಟಿದ್ದೂ ಹೀಗೆ ಇನ್ನೊಬ್ಬರ ಆಟ, ಹಾಫ್-ಲೈಫ್ ಅನ್ನು ತಿದ್ದಿಯೇ. ನನ್ನ ಗೆಳೆಯನೂ ಮರುದಿನ ನನ್ನ ಫೈಲನ್ನೇ ಎಡಿಟರ್‌ನಲ್ಲಿ ತೆರೆದು, ಕೊನೆಯ ಕೋಣೆಗೆ ಇನ್ನೂ ಆರು ಇಂಪ್ ಸೇರಿಸಿ ವಾಪಸ್ ಕಳಿಸಿದ. ಅದನ್ನು ನಾನಿನ್ನೂ ದಾಟಿಲ್ಲ.